ಚೆಂಡಾಟದ ಕಲ್ಲು, ವೀರಗಲ್ಲು

ವೈರಿಗಳ ರುಂಡಗಳನ್ನು ಚೆಂಡಾಡಿದನೆಂಬ ಮಾತು ಕನ್ನಡಿಗರ ಕಿವಿಗೆ ಹೊಸದಲ್ಲ. ಹರಿಕಥೆಯ ದಾಸರ ಬಾಯಲ್ಲಿ, ತಿಪಟೂರು ತುರುವೇಕೆರೆಗಳ ಸೀಮೆಗೆ ಸೇರಿದ ಮೂಡಲಪಾಯದ ಆಟಗಳಲ್ಲಿ, ಪುರಾಣವಾಚನದ ಅರ್ಥವಿವರಣೆಯಲ್ಲಿ ಅದು ಎಷ್ಟೋ ಸಲ ಬಂದುಹೋಗುತ್ತದೆ. ಕೇಳುವವರು ಯಾರೂ ತಲೆಗೂ ಚೆಂಡಿಗೂ ಏತರ ನಂಟು ಎಂದು ಪ್ರಶ್ನಿಸುವುದಿಲ್ಲ. ಕನ್ನಡಿಗನು ಚೆಂಡನ್ನು ಆಡುವಂತೆಯೇ ಬೇಟೆಯನ್ನೂ ಆಡುತ್ತಾನೆ. ಕಾಳಗದ ವರ್ಣನೆಗೂ ಅದೇ ಕ್ರಿಯಾಪದವನ್ನು ಎರವಲು ತರುತ್ತಾನೆ. ಆಟ, ಬೇಟೆ, ಕಾಳಗ ಎಂಬ ಮೂರೂ ಒಂದೇ ಧಾತುವಿನ ನೆರಳಿನಲ್ಲಿ ನಿಂತಿರುವುದು ಭಾಷೆಯ ಕೇವಲ ಚಮತ್ಕಾರವೆಂದು ತಳ್ಳಿಬಿಡತಕ್ಕುದಲ್ಲ. ಈ ನುಡಿಗಟ್ಟು ಅಲಂಕಾರವಾಗಿ ಉಳಿಯದೆ, ಅಕ್ಷರಶಃ ಕಲ್ಲಿನಲ್ಲಿ ಕೆತ್ತಲ್ಪಟ್ಟ ನಾಡೊಂದು ಭೂಮಂಡಲದ ಆಚೆಯ ಮಗ್ಗುಲಲ್ಲಿದೆ. ಆ ನಾಡಿನ ಕಲ್ಲುಗಳನ್ನು ಒಮ್ಮೆ ನೋಡಿ ಬಂದರೆ ಕನ್ನಡ ನಾಡಿನ ಊರಬಾಗಿಲಿನಲ್ಲಿ ನಿಂತಿರುವ ವೀರಗಲ್ಲುಗಳನ್ನು ಓದುವ ಬಗೆ ಸ್ವಲ್ಪ ಬೇರೆಯಾಗುತ್ತದೆ.

ಇಂದಿನ ಮೆಕ್ಸಿಕೋ, ಗ್ವಾಟೆಮಾಲ ಮೊದಲಾದ ದೇಶಗಳ ಪ್ರಾಚೀನ ಜನರು ಮೂರು ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಒಂದು ಚೆಂಡಾಟವನ್ನು ಆಡುತ್ತ ಬಂದರು. ಮರದ ಹಾಲನ್ನು ಒಂದು ಬಳ್ಳಿಯ ರಸದೊಡನೆ ಬೆರಸಿ ಗಟ್ಟಿಮಾಡಿದ ರಬ್ಬರಿನ ಚೆಂಡು ಅದು. ಒಳಗೆ ಟೊಳ್ಳಿಲ್ಲದ್ದು, ಮೂರು ನಾಲ್ಕು ಕಿಲೋಗ್ರಾಂ ತೂಗುವುದು. ವೆರಾಕ್ರೂಸ್ ಪ್ರಾಂತದ ಎಲ್ ಮನತಿ ಎಂಬಲ್ಲಿನ ಜೌಗಿನಲ್ಲಿ ಕ್ರಿಸ್ತಪೂರ್ವ ೧೬೦೦ರ ಸುಮಾರಿನ ರಬ್ಬರು ಚೆಂಡುಗಳು ದೊರೆತಿವೆ. ಕೈಯಿಂದ ಹಿಡಿಯುವಂತಿಲ್ಲ, ಕಾಲಿನಿಂದ ಒದೆಯುವಂತಿಲ್ಲ. ಮುಖ್ಯವಾಗಿ ಸೊಂಟದ ಪಕ್ಕೆಯಿಂದಲೇ ಚೆಂಡನ್ನು ಮರಳಿಸಬೇಕು. ಎರಡು ಉದ್ದನೆಯ ಗೋಡೆಗಳ ನಡುವಣ ಅಂಕಣ ಆಟದ ಕಣ. ಯುಕಟಾನಿನ ಚಿಚೆನ್ ಇಟ್ಸಾದಲ್ಲಿರುವ ಮಹಾ ಅಂಕಣ ೧೬೮ ಮೀಟರು ಉದ್ದ, ೭೦ ಮೀಟರು ಅಗಲ ಇದೆ. ಗೋಡೆಯ ಮೇಲೆ ಸುಮಾರು ಆರು ಮೀಟರು ಎತ್ತರದಲ್ಲಿ ಕಲ್ಲಿನ ಬಳೆಗಳನ್ನು ಕೂಡಿಸಿದ್ದಾರೆ. ೧೫೨೮ರಲ್ಲಿ ಕೋರ್ತೆಸ್ ಎಂಬ ಸ್ಪೇನಿನ ದಳಪತಿ ಈ ಆಟಗಾರರನ್ನು ತನ್ನ ದೊರೆಯ ಆಸ್ಥಾನಕ್ಕೆ ಕರೆದೊಯ್ದನು. ನೆಲಕ್ಕೆ ಬಿದ್ದು ಹಾಗೆ ಪುಟಿದೇಳುವ ವಸ್ತುವನ್ನು ಯೂರೋಪಿನ ಜನ ಅದುವರೆಗೆ ಕಂಡಿರಲಿಲ್ಲ.

ಅಷ್ಟು ಭಾರದ ಚೆಂಡು ಬಡಿದರೆ ಎಲುಬು ಉಳಿಯುವುದು ಕಷ್ಟ. ಆದಕಾರಣ ಆಟಗಾರರು ಮರ, ತೊಗಲು, ಹತ್ತಿಗಳಿಂದ ಮಾಡಿದ ದಪ್ಪನೆಯ ನಡುಕಟ್ಟನ್ನು ತೊಡುತ್ತಿದ್ದರು. ಆ ನಡುಕಟ್ಟುಗಳೆಲ್ಲ ಮಣ್ಣುಪಾಲಾಗಿವೆ. ಉಳಿದಿರುವುದು ಅವುಗಳ ಪ್ರತಿರೂಪವಾಗಿ ಕಡೆದ ಕಲ್ಲುಗಳು. ಕುದುರೆಯ ಲಾಳದಂತೆ ಬಾಗಿದ ಒಂದು ಕಲ್ಲು, ಅದರ ಮುಂಭಾಗದಲ್ಲಿ ಸಿಕ್ಕಿಸಲು ಮುಖಾಕೃತಿಯ ತೆಳುವಾದ ಇನ್ನೊಂದು, ಮೇಲೆ ಚಾಚಿ ನಿಲ್ಲುವ ನೀಳವಾದ ಮತ್ತೊಂದು. ಮೆಕ್ಸಿಕೋ ಕೊಲ್ಲಿಯ ಕರಾವಳಿಯಲ್ಲಿ, ಕ್ರಿಸ್ತಶಕದ ಮೊದಲ ಸಹಸ್ರಮಾನದಲ್ಲಿ, ಇವು ವಿಶೇಷವಾಗಿ ನಿರ್ಮಾಣಗೊಂಡವು. ಲಾಳದಾಕಾರದ ಕೆಲವು ಕಲ್ಲುಗಳು ೨೦ ಕಿಲೋಗ್ರಾಂಗೂ ಮಿಕ್ಕು ತೂಗುತ್ತವೆ. ಅವುಗಳ ಹೊರಮೈ ತುಂಬ ಭೂಮಿಯ ಸಂಕೇತವಾದ ಕಪ್ಪೆಯ ಆಕೃತಿಯೋ ಹೆಣೆದುಕೊಂಡ ಸುರುಳಿಗಳೋ ತುಂಬಿರುತ್ತವೆ. ಇಂಥವನ್ನು ಕಟ್ಟಿಕೊಂಡು ಓಡಾಡಿ ಆಡುವುದು ದುಸ್ಸಾಧ್ಯ. ಕೆಲವು ಕಲ್ಲುಗಳು ಸಮಾಧಿಗಳಲ್ಲಿ ದೊರೆತಿವೆ. ಆಟ ಮುಗಿದ ಮೇಲಣ ವಿಧಿಗೆ, ಮೆರವಣಿಗೆಗೆ, ಮೃತನ ಸಂಗಡಕ್ಕೆ ಸಲ್ಲತಕ್ಕ ವಸ್ತುಗಳಿವು ಎಂದು ವಿದ್ವಾಂಸರು ಬಗೆಯುತ್ತಾರೆ.

ಹೆಸರುಗಳ ಕಥೆ ವಿನೋದಕರವಾಗಿದೆ. ಲಾಳದಾಕಾರದ ಕಲ್ಲಿಗೆ ಸ್ಪೇನಿನ ಭಾಷೆಯಲ್ಲಿ 'ಯೂಗೋ' ಎಂದು ಹೆಸರಾಯಿತು, ಎಂದರೆ ನೊಗ. ಸಂಸ್ಕೃತದ ಯುಗ ಶಬ್ದವೂ ಈ ಯೂಗೋ ಎಂಬುದೂ ಒಂದೇ ಬೇರಿನ ಚಿಗುರುಗಳು. ಆದರೆ ಆ ನಾಡಿನಲ್ಲಿ ಎತ್ತುಗಳೇ ಇರಲಿಲ್ಲ! ಸ್ಪೇನಿನವರು ಹಡಗಿನಲ್ಲಿ ದನಗಳನ್ನು ತಂದಿಳಿಸುವವರೆಗೆ ನೊಗ ಹೊರುವ ಪ್ರಾಣಿಯನ್ನೇ ಅಲ್ಲಿಯ ಜನ ಅರಿಯರು. ಮುಖಾಕೃತಿಯ ಕಲ್ಲಿಗೆ ಕೊಡಲಿಯೆಂದೂ, ನೀಳವಾದುದಕ್ಕೆ ತಾಳೆಗರಿಯೆಂದೂ ಹೆಸರು ಬಿದ್ದವು. ಅವು ಕೊಡಲಿಯೂ ಅಲ್ಲ, ಗರಿಯೂ ಅಲ್ಲ. ಬಲಿಯಾಗುವವನ ಕೊರಳನ್ನು ಅದುಮಿ ಹಿಡಿಯಲು ಆ 'ನೊಗ'ವನ್ನು ಬಳಸುತ್ತಿದ್ದರೆಂದು ಬಹುಕಾಲ ನಂಬಿದ್ದರು. ೧೯೪೬ರಲ್ಲಿ ಗೋರ್ಡನ್ ಎಕ್‌ಹೋಮ್ ಎಂಬ ಅಮೆರಿಕದ ವಿದ್ವಾಂಸರು, ಪ್ರಾಚೀನ ಮಣ್ಣಿನ ಗೊಂಬೆಗಳಲ್ಲಿಯೂ ಉಬ್ಬುಶಿಲ್ಪಗಳಲ್ಲಿಯೂ ಆಟಗಾರರ ನಡುವಿನಲ್ಲಿ ಇದೇ ಆಕಾರ ಕಾಣುವುದನ್ನು ಎತ್ತಿತೋರಿಸಿ, ಇವು ಚೆಂಡಾಟದ ನಡುಕಟ್ಟಿನ ಪ್ರತಿರೂಪಗಳೆಂದು ಪ್ರತಿಪಾದಿಸಿದರು. ಹೆಸರು ತಪ್ಪಾದರೆ ಅರ್ಥವೂ ತಪ್ಪುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಿಘಂಟುಗಳಲ್ಲಿಯೂ ಸಿಕ್ಕದು.

ಗಟ್ಟಿ ಕಲ್ಲನ್ನು ಆ ಶಿಲ್ಪಿಗಳು ಕಬ್ಬಿಣದ ಉಳಿಯಿಲ್ಲದೆಯೇ, ಅದಕ್ಕಿಂತ ಗಟ್ಟಿಯಾದ ಕಲ್ಲಿನಿಂದ ಕುಟ್ಟಿ, ಮರಳು ನೀರು ಹಾಕಿ ಉಜ್ಜಿ ಕನ್ನಡಿಯಂತೆ ಮಾಡಿದರು. ಆ ನುಣುಪಿನ ಬೆಲೆ ತುರುವೇಕೆರೆಯವರಿಗೆ ಹೇಳಿ ತಿಳಿಸಬೇಕಾದುದಿಲ್ಲ. ಊರ ಬಳಿಯ ಕರೆಕಲ್ಲು ಗುಡ್ಡದ ಕರಿಯ ಕಲ್ಲನ್ನು ಮೈಸೂರಿನ ಹಳೆಯ ಗ್ಯಾಸೆಟಿಯರು ವಿಶೇಷವಾಗಿ ಹೊಗಳಿ, ಶ್ರೀರಂಗಪಟ್ಟಣದಲ್ಲಿ ಹೈದರ್ ಟಿಪ್ಪುಗಳ ಸಮಾಧಿಮಂದಿರದ ಕಂಬಗಳು ಇಲ್ಲಿಂದ ಹೋದವೆಂದು ಹೇಳುತ್ತದೆ. ಗಂಗಾಧರೇಶ್ವರನ ಮುಂದಿನ ಬಸವನ ಮೈಯನ್ನು ನೋಡಿದವರಿಗೆ ಗಟ್ಟಿ ಕಲ್ಲು ಹೊಳಪನ್ನು ಎಷ್ಟು ಕಾಲ ಹಿಡಿದಿಡಬಲ್ಲುದೆಂಬುದು ಗೊತ್ತು.

ಚೆಂಡಾಟಕ್ಕೂ ತಲೆಗೂ ಇರುವ ನಂಟನ್ನು ಬಿಡಿಸಿ ಹೇಳುವುದು ಗ್ವಾಟೆಮಾಲದ ಕಿಚೆ ಜನರ ಪುರಾಣವಾದ ಪೊಪೊಲ್ ವುಹ್. ಹದಿನೆಂಟನೆಯ ಶತಮಾನದ ಮೊದಲಲ್ಲಿ ಫ್ರಾನ್ಸಿಸ್ಕೊ ಹಿಮೆನೆಸ್ ಎಂಬ ಪಾದ್ರಿ ಮಾಡಿಕೊಂಡ ಪ್ರತಿಯಿಂದ ಅದು ಲೋಕಕ್ಕೆ ತಿಳಿಯಿತು. ಇಬ್ಬರು ಸಹೋದರರು ಸದಾ ಚೆಂಡಾಡುತ್ತಿರುತ್ತಾರೆ. ಆ ಸದ್ದಿನಿಂದ ಪಾತಾಳದ ಮೃತ್ಯುದೇವತೆಗಳಿಗೆ ಕೋಪ ಬರುತ್ತದೆ. ಅವರು ಆಟಗಾರರನ್ನು ತಮ್ಮ ಲೋಕಕ್ಕೆ ಕರೆಸಿ, ವಂಚಿಸಿ, ಕೊಲ್ಲುತ್ತಾರೆ. ಹಿರಿಯನ ತಲೆಯನ್ನು ದಾರಿಬದಿಯ ಒಂದು ಮರದಲ್ಲಿ ಇಡುತ್ತಾರೆ. ಎಂದೂ ಫಲ ಬಿಡದಿದ್ದ ಆ ಮರ ಕೂಡಲೆ ಬುರುಡೆಕಾಯಿಗಳಿಂದ ತುಂಬಿಹೋಗಿ, ತಲೆ ಯಾವುದು ಕಾಯಿ ಯಾವುದು ಎಂದು ಗುರುತಿಸಲಾರದಂತಾಗುತ್ತದೆ. ಪಾತಾಳದ ಕನ್ನಿಕೆಯೊಬ್ಬಳು ಕುತೂಹಲದಿಂದ ಬಂದು ಕೈಯೊಡ್ಡಲು, ಆ ತಲೆ ಅವಳ ಅಂಗೈಗೆ ಉಗುಳುತ್ತದೆ; ಅವಳು ಗರ್ಭವತಿಯಾಗಿ ಅವಳಿ ಮಕ್ಕಳನ್ನು ಹೆರುತ್ತಾಳೆ. ಆ ಅವಳಿಗಳೂ ಪಾತಾಳಕ್ಕೆ ಇಳಿದು ಚೆಂಡಾಡಬೇಕಾಗುತ್ತದೆ. ಅಲ್ಲಿ ಬಾವಲಿಯೊಂದು ಅವರಲ್ಲೊಬ್ಬನ ತಲೆಯನ್ನು ಹಾರಿಸುತ್ತದೆ; ಆ ತಲೆಯೇ ಆಟದ ಚೆಂಡಾಗುತ್ತದೆ. ಕೊನೆಗೆ ಅವಳಿಗಳೇ ಉಪಾಯದಿಂದ ಗೆದ್ದು ಮೃತ್ಯುವನ್ನು ಅಡಗಿಸುತ್ತಾರೆ.

ಸೋರೆಯ ಬುರುಡೆಗೂ ತಲೆಯ ಬುರುಡೆಗೂ ಕನ್ನಡದಲ್ಲಿ ಒಂದೇ ಹೆಸರಿರುವುದನ್ನು ಇಲ್ಲಿ ನೆನೆಯಬಹುದು. ತೆಂಗಿನ ನಾಡಿನವರಿಗಂತೂ ಈ ಕಥೆ ಅಪರಿಚಿತವೆನಿಸಲಾರದು. ಜುಟ್ಟೂ ಮೂರು ಕಣ್ಣೂ ಇರುವ ಕಾಯಿಯನ್ನು ದೇವರ ಮುಂದೆ ಒಡೆಯುವುದು ತಲೆಯ ಬಲಿಗೆ ಬದಲಾಗಿ ಬಂದ ರೂಢಿಯೆಂದು ಹಿರಿಯರು ಹೇಳುವುದುಂಟು.

ಹಾಗಾದರೆ ಕಣದಲ್ಲಿ ನಿಜವಾಗಿ ಯಾರ ತಲೆ ಹೋಗುತ್ತಿತ್ತು? ಗೆದ್ದವನೇ ಸಂತೋಷದಿಂದ ತಲೆ ಕೊಡುತ್ತಿದ್ದನೆಂದು ಪ್ರವಾಸಿಗಳಿಗೆ ಹೇಳುವ ಕಥೆಯೊಂದು ಪ್ರಚಾರದಲ್ಲಿದೆ. ಅದಕ್ಕೆ ಆಧಾರ ಸಾಲದು. ಎಲ್ಲ ಆಟಗಳೂ ಬಲಿಯಲ್ಲಿ ಮುಗಿಯುತ್ತಿರಲಿಲ್ಲ. ಬಲಿ ನಡೆದಾಗ ಬಹುಮಟ್ಟಿಗೆ ಯುದ್ಧದ ಸೆರೆಯಾಳುಗಳೇ ಬಲಿಯಾಗುತ್ತಿದ್ದರೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಎಲ್ ತಾಹಿನಿನ ದಕ್ಷಿಣ ಅಂಕಣದ ಉಬ್ಬುಶಿಲ್ಪವೊಂದರಲ್ಲಿ ಆಟಗಾರನೊಬ್ಬನ ಎದೆಗೆ ಕತ್ತಿಯಿಡುತ್ತಿದ್ದಾರೆ. ಮೇಲಿನಿಂದ ಮೃತ್ಯುದೇವತೆ ಇಳಿಯುತ್ತಿದೆ. ಅಪಾರಿಸಿಯೋ ಎಂಬಲ್ಲಿ ಸಿಕ್ಕಿದ ನಿಲುಗಲ್ಲಿನಲ್ಲಿ ನಡುಕಟ್ಟು ತೊಟ್ಟ ಆಟಗಾರನು ತಲೆಯಿಲ್ಲದೆ ಕುಳಿತಿದ್ದಾನೆ. ಕೊರಳಿನಿಂದ ರಕ್ತಕ್ಕೆ ಬದಲಾಗಿ ಏಳು ಹಾವುಗಳು ಹೊರಟಿವೆ. ಶಿಲ್ಪವು ರಮಣೀಯವಾಗಿದೆ. ಸತ್ತವನು ಮನಸಾರೆ ಸತ್ತನೋ ಎಳೆತಂದು ಕೂಡಿಸಿದರೋ ಎಂಬುದನ್ನು ಕಲ್ಲು ಹೇಳುವುದಿಲ್ಲ.

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಕನ್ನಡ ನಾಡಿಗೆ ಹಿಂದಿರುಗಿದರೆ ಮೊದಲು ನಿಲ್ಲಬೇಕಾದುದು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ. ಅಲ್ಲಿಯ ೧೦೫೭ರ ಶಾಸನ ಕನ್ನಡ ಕಾವ್ಯಾಭ್ಯಾಸಿಗಳಿಗೆಲ್ಲ ಪರಿಚಿತ. ನವಿಲೆನಾಡಿನ ಏಚನೆಂಬ ನಾಯಕನು ಮಲ್ಲಗಾಳಗದಲ್ಲಿ ಅರಸನ ಬಂಧುವೊಬ್ಬನನ್ನು ಕೊಂದನು. ಆಗ ಆ ಸೀಮೆ ಚೋಳರ ಕೈಯಲ್ಲಿತ್ತು. ಕಣದಲ್ಲಿ ಗೆದ್ದ ತಪ್ಪಿಗೆ ಏಚನನ್ನು ತಲಕಾಡಿಗೆ ಒಯ್ದು ರಾಜಾಜ್ಞೆಯಿಂದ ಕೊಲ್ಲಿಸಿದರು. ಸುದ್ದಿ ತಿಳಿದು ಅವನ ಹೆಂಡತಿ ದೇಕಬ್ಬೆ, ತಂದೆತಾಯಿಗಳೂ ಬಂಧುಗಳೂ ಎಷ್ಟು ಬೇಡಿಕೊಂಡರೂ ಕೇಳದೆ, ದಾನಗಳನ್ನು ಮಾಡಿ ಬೆಂಕಿಯನ್ನು ಹೊಕ್ಕಳು. ಕಲ್ಲು ನಿಂತದ್ದು ಅವಳ ಹೆಸರಿನಲ್ಲಿ. ಆಟದಲ್ಲಿ ಗೆದ್ದವನಿಗೆ ಮರಣ, ಆಡದೆ ಮನೆಯಲ್ಲಿದ್ದವಳಿಗೆ ಶಿಲಾಪ್ರಶಸ್ತಿ. ಆ ಪದ್ಯಗಳ ಬಿಗುಪಿಗೆ, ಮಗಳನ್ನು ತಡೆಯುವ ಹೆತ್ತವರ ಮಾತಿನ ಕರುಳಿಗೆ ಮೆಚ್ಚಿ ತಲೆದೂಗಬೇಕಾದುದೇ. ಆದರೆ ಶಾಸನಕವಿ ಕೊಂಡಾಡುವ ಆ ಅಗ್ನಿಪ್ರವೇಶವನ್ನು ಕೊಂಡಾಡಬೇಕಾದ ಹೊಣೆ ಓದುಗನಿಗಿಲ್ಲ. ತರಗತಿಯಲ್ಲಿ ಈ ಶಾಸನವನ್ನು ಪಾಠ ಹೇಳುವವರು ಕಾವ್ಯಗುಣವನ್ನೂ ಆ ಆಚಾರವನ್ನೂ ಬೇರೆಬೇರೆಯಾಗಿ ಬಿಡಿಸಿಡುವುದು ಲೇಸು.

ತಲೆಯನ್ನೇ ಹಾರಿಸಿದ ಶಿಲ್ಪಗಳೂ ಕನ್ನಡ ನಾಡಿನಲ್ಲಿ ಕಡಿಮೆಯಿಲ್ಲ. ನೆಟ್ಟ ಗಳುವನ್ನು ಬಗ್ಗಿಸಿ, ಅದರ ತುದಿಗೆ ಮುಡಿಯನ್ನು ಕಟ್ಟಿ, ಕೊರಳನ್ನು ಕತ್ತರಿಸಿದೊಡನೆ ತಲೆ ಮೇಲಕ್ಕೆ ಚಿಮ್ಮುವಂತೆ ಮಾಡುವ ಆತ್ಮಬಲಿಗೆ ಸಿಡಿತಲೆಯೆಂದು ಹೆಸರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ಕಂಬವಿದೆ. ಇಮ್ಮಡಿ ಬಲ್ಲಾಳನಿಗೆ ಗರುಡನಾಗಿದ್ದ ಲಕ್ಷ್ಮ, ಎಂದರೆ ಒಡೆಯನು ಅಳಿದರೆ ತಾನೂ ಅಳಿಯುವೆನೆಂದು ಪ್ರತಿಜ್ಞೆ ಮಾಡಿದ್ದವನು, ೧೨೨೦ರಲ್ಲಿ ಬಲ್ಲಾಳನು ತೀರಿಕೊಂಡಾಗ ಹೆಂಡತಿ ಸುಗ್ಗಲದೇವಿಯೊಡನೆಯೂ ತನ್ನ ಪಡೆಯೊಡನೆಯೂ ಪ್ರಾಣಬಿಟ್ಟನು. ಕತ್ತಿಯನ್ನು ತಮ್ಮ ಕೊರಳಿಗೆ ತಾವೇ ಇಟ್ಟುಕೊಂಡ ಆಳುಗಳನ್ನು ಆ ಕಂಬದ ಮೇಲೆ ಕೆತ್ತಿದ್ದಾರೆ. ಬೇಲೂರು ಹಳೇಬೀಡುಗಳ ಮದನಿಕೆಯರನ್ನು ನೋಡಲು ಹೋದವರು ಈ ಕಂಬದ ಮುಂದೆ ಹೆಚ್ಚು ಹೊತ್ತು ನಿಲ್ಲುವುದು ಅಪರೂಪ.

ಸ್ಪರ್ಧೆಯಲ್ಲಿ ತಲೆಯನ್ನು ಪಣವಾಗಿಟ್ಟ ಪ್ರಸಂಗ ಶರಣರ ಚರಿತ್ರೆಯಲ್ಲಿಯೇ ಇದೆ. ಏಕಾಂತದ ರಾಮಯ್ಯನವರು ಅಬ್ಬಲೂರಿನಲ್ಲಿ ತಮ್ಮ ಶಿರವನ್ನು ಅರಿದಿಟ್ಟು, ಏಳು ದಿನಗಳಾದ ಮೇಲೆ ಶಿವನ ಕೃಪೆಯಿಂದ ಮರಳಿ ಪಡೆದರೆಂದು ಆ ಊರಿನ ಸೋಮೇಶ್ವರ ದೇವಾಲಯದ ಶಾಸನ ಸಾರುತ್ತದೆ. ಬಿಜ್ಜಳನು ಜಯಪತ್ರವನ್ನು ಕೊಟ್ಟನೆಂದೂ ಹೇಳುತ್ತದೆ. ಅಲ್ಲಿಯ ಶಿಲ್ಪಪಟ್ಟಿಕೆಗಳಲ್ಲಿ ಈ ಕಥೆ ಬರಹದೊಡನೆ ಮೂಡಿದೆ. ಆ ಕಾಲದ ಮತವಿವಾದದ ಕಾವನ್ನು ಇಂದು ಕೆದಕುವ ಅಗತ್ಯವಿಲ್ಲ. ಗಮನಿಸತಕ್ಕುದು ಇಷ್ಟು: ಪೊಪೊಲ್ ವುಹ್‌ನಲ್ಲಿಯೂ ಅಬ್ಬಲೂರಿನಲ್ಲಿಯೂ ಹೋದ ತಲೆ ಮರಳಿ ಬರುತ್ತದೆ, ವೀರಗಲ್ಲಿನ ಆಳಿನ ತಲೆ ಮರಳುವುದಿಲ್ಲ.

ಶರಣರು ಈ ಕಾಳಗದ ಪರಿಭಾಷೆಯನ್ನೇ ತೆಗೆದುಕೊಂಡು ಅದರ ಒಡಲನ್ನು ಬದಲಾಯಿಸಿದರೆಂಬುದು ಇನ್ನೂ ಹೆಚ್ಚಿನ ಮಾತು. ಉಂಡ ಜೋಳದ ಋಣಕ್ಕಾಗಿ ಕಾದುವವನದು ಜೋಳವಾಳಿ. ಹೊತ್ತು ಬಂದಾಗ ಒಡೆಯನಿಗಾಗಿ ಪ್ರಾಣವನ್ನೇ ಒಪ್ಪಿಸುವೆನೆಂಬ ಭಾಷೆಯವನದು ವೇಳೆವಾಳಿ. ಬಸವಣ್ಣನವರು ವಚನವೊಂದರಲ್ಲಿ ಈ ಎರಡು ಪದಗಳನ್ನೂ ಎದುರುಬದುರು ನಿಲ್ಲಿಸಿ, ತಾವು ಎರಡನೆಯ ಬಗೆಯ ಆಳೆಂದು ಹೇಳಿಕೊಂಡಿದ್ದಾರೆ. ಬಿಜ್ಜಳನ ಭಂಡಾರಿಯಾಗಿದ್ದವರು ಈ ಮಾತಾಡಿದರೆಂಬುದನ್ನು ಮರೆಯಬಾರದು. ಅನ್ನವಿಕ್ಕುವ ದೊರೆಗೆ ಸಲ್ಲಬೇಕಾಗಿದ್ದ ಭಾಷೆ ಕೂಡಲಸಂಗಮನಿಗೆ ಸಂದಿತು. ತಲೆಯನ್ನು ಒಮ್ಮೆ ಕೊಟ್ಟು ಮುಗಿಸುವ ವ್ರತ, ಬದುಕಿರುವಷ್ಟು ದಿನವೂ ನಡೆಯಬೇಕಾದ ವ್ರತವಾಯಿತು. ವೀರಗಲ್ಲುಗಳನ್ನು ಓದದವನಿಗೆ ಆ ವಚನದ ಅರ್ಧ ಅರ್ಥ ಮಾತ್ರ ದಕ್ಕುತ್ತದೆ.

ತುರುವೇಕೆರೆಯ ಹೆಸರಿನ ಮೊದಲಲ್ಲಿಯೇ 'ತುರು' ಕೇಳಿಸುತ್ತದೆ. ತುರು ಎಂದರೆ ಹಸು. ತುರುಗೊಳ್ ಎಂದರೆ ಹಸುಗಳ ಹಿಂಡನ್ನು ಸೆರೆಹಿಡಿದೊಯ್ಯುವುದು. ವಿರಾಟನಗರದ ಗೋಗ್ರಹಣ ಮಹಾಭಾರತದಲ್ಲಿ ಒಂದು ಸಲ ನಡೆಯಿತು. ಕನ್ನಡ ನಾಡಿನ ಹಳ್ಳಿಗಳಲ್ಲಿ ಅದು ಶತಮಾನಗಳ ಕಾಲ ನಡೆಯುತ್ತಲೇ ಇತ್ತು. ತುರುವನ್ನು ಮರಳಿಸಿ ಸತ್ತವನಿಗೆ ನಿಲ್ಲಿಸಿದ ಕಲ್ಲಿನ ವಿನ್ಯಾಸ ಸಾಮಾನ್ಯವಾಗಿ ಮೂರು ಅಂತಸ್ತಿನದು. ಕೆಳಗೆ ಕಾಳಗ, ಕೆಲವೊಮ್ಮೆ ಬಾಲವೆತ್ತಿದ ಹಸುಗಳ ಸಾಲು. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಕೈಲಾಸ, ಲಿಂಗ, ನಂದಿ, ಪೂಜಿಸುತ್ತಿರುವ ಯತಿ. ಸತ್ತವನ ಮನೆಯವರಿಗೆ ಬಿಟ್ಟ ಭೂಮಿಗೆ ಕಲ್ನಾಡು, ನೆತ್ತರುಗೊಡಗೆ ಮುಂತಾದ ಹೆಸರುಗಳಿದ್ದವು. ನೆತ್ತರಿಗೆ ಬದಲು ನೆಲ! ಲೆಕ್ಕವನ್ನು ಇಷ್ಟು ನೇರವಾಗಿ ಹೇಳುವ ಶಬ್ದ ಬೇರೆ ಭಾಷೆಗಳಲ್ಲಿ ಸುಲಭವಾಗಿ ದೊರೆಯಲಾರದು.

ಮೆಕ್ಸಿಕೋ ಕೊಲ್ಲಿಯ ನಡುಕಟ್ಟಿನ ಕಲ್ಲುಗಳು ಮೂಕ. ಅವುಗಳ ಮೇಲೆ ಆಟಗಾರನ ಹೆಸರಿಲ್ಲ. ಕನ್ನಡದ ಕಲ್ಲುಗಳಲ್ಲಿ ಎಷ್ಟೋ ಮಾತನಾಡುತ್ತವೆ: ಸತ್ತವನ ಹೆಸರು, ಊರು, ಒಡೆಯ, ವರ್ಷ ಎಲ್ಲವೂ ಉಂಟು. ಆದರೂ ಆ ಮಾತು ಸತ್ತವನದಲ್ಲ. ಕಲ್ಲನ್ನು ನಿಲ್ಲಿಸಿದವನದು, ಎಂದರೆ ಬದುಕುಳಿದವನದು. ಹಸುಗಳು ಯಾರ ಕೊಟ್ಟಿಗೆಗೆ ಮರಳಿದುವೋ ಅವರೇ ವೀರನಿಗೆ ಅಪ್ಸರೆಯರನ್ನು ಕೊಟ್ಟರು. ಇಷ್ಟರಿಂದ ವೀರನ ತ್ಯಾಗ ಸುಳ್ಳಾಗುವುದಿಲ್ಲ. ಊರ ಹಸುಗಳಿಗಾಗಿ ಎದೆಯೊಡ್ಡಿದವನು ದೊಡ್ಡವನೇ ಸರಿ. ಪ್ರಶಸ್ತಿಯ ಹಿಂದೆ ಒಬ್ಬ ವಿಧವೆಯೂ ತಂದೆಯಿಲ್ಲದ ಮಕ್ಕಳೂ ನೆತ್ತರುಗೊಡಗೆಯ ತುಂಡು ಗದ್ದೆಯೂ ಇರುವುದನ್ನು ಮಾತ್ರ ಕಾಣಬೇಕು.

ಕಲ್ಲು ಪೂಜಾವಸ್ತುವಾಗುವ ಬಗೆಯನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತಿಳಿಸುವುದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಅದು ಮನುಷ್ಯನ ಸ್ಮಾರಕವೂ ಅಲ್ಲ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನು ತನ್ನ ಆಳು ಮಣಲೆರನ ಶೌರ್ಯಕ್ಕೆ ಮೆಚ್ಚಿ, ಬೇಡಿದ್ದನ್ನು ಕೊಡುವೆನೆಂದನು. ಮಣಲೆರನು ಬೇಡಿದ್ದು ಕಾಳಿಯೆಂಬ ಬೇಟೆನಾಯನ್ನು. ಆ ನಾಯಿ ಕೆಳಲೆನಾಡಿನ ಬೆಳತೂರ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು; ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಭೂಮಿಯನ್ನು ಬಿಟ್ಟನು. ಕಾಲ ಕ್ರಿಸ್ತಶಕ ೯೪೯–೫೦. ದೇವಸ್ಥಾನವನ್ನು ನೋಡಿಕೊಳ್ಳುವ ಗೊರವನು ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದು ಶಾಸನ ಕಟ್ಟಳೆ ಮಾಡಿದೆ. ಪೂಜೆಗೆ ಮುನ್ನ ಊಟವಿಲ್ಲವೆಂಬ ನಿಯಮದ ತೂಕ ಇಷ್ಟಲಿಂಗಧಾರಿಗಳಿಗೆ ವಿವರಿಸಬೇಕಾದುದಿಲ್ಲ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಡುಕಟ್ಟಿನ ಕಲ್ಲುಗಳು ಮೆಕ್ಸಿಕೋ ನಗರದ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇರುವಂತೆಯೇ. ನಾಯಿಯನ್ನೂ ಹಂದಿಯನ್ನೂ ನೋಡಿ ಮಕ್ಕಳು ಹಿಗ್ಗುತ್ತಾರೆ.

ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ೧೨ನೆಯ ಸಂಪುಟವಾಗಿ ೧೯೦೪ರಲ್ಲಿ ಪ್ರಕಟಿಸಿದರು. ಅದು ಅಕ್ಷರವಿರುವ ಕಲ್ಲುಗಳ ಸಂಪುಟ. ಅಕ್ಷರವಿಲ್ಲದ ವೀರಗಲ್ಲುಗಳಿಗೆ ಅಲ್ಲಿ ಜಾಗವಿರಲಿಲ್ಲ. ಕೆರೆಯ ಏರಿ, ತೆಂಗಿನ ತೋಟದ ಬದು, ಹಾಳು ಗುಡಿಯ ಹಿಂಭಾಗ ಇವೇ ಅವುಗಳ ನೆಲೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗುತ್ತವೆ, ಕೆಲವು ಕಾಲುವೆಗೆ ಹಾಸಾಗುತ್ತವೆ. ಕೆಲವಕ್ಕೆ ಎಣ್ಣೆಯೂ ಕುಂಕುಮವೂ ಸಲ್ಲುತ್ತವೆ. ಹೆಸರು ಮಾತ್ರ ವೀರಭದ್ರನೆಂದೋ ಆಂಜನೇಯನೆಂದೋ ಬದಲಾಗಿರುತ್ತದೆ. ತಪ್ಪು ಹೆಸರಿನಲ್ಲಿ ಪೂಜೆಗೊಳ್ಳುವುದು ಒಗೆಯುವ ಕಲ್ಲಾಗುವುದಕ್ಕಿಂತ ಎಷ್ಟೋ ಮೇಲು. ಜಿಡ್ಡು ಕಟ್ಟಿದ ಎಣ್ಣೆ ಅಕ್ಷರಗಳನ್ನು ಮುಚ್ಚುವುದಾದರೂ ಅಳಿಸುವುದಿಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಉಪಾಧ್ಯಾಯರು ಮೊದಲು ಊರ ಹಿರಿಯರ ಅಪ್ಪಣೆ ಪಡೆಯಬೇಕು. ಕಲ್ಲನ್ನು ನೀರಿನಿಂದ ನೆನೆಸಿ ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಬೇಕು. ಕಬ್ಬಿಣದ ಕುಂಚ, ಆಮ್ಲ, ಸುಣ್ಣ ಮುಟ್ಟಿಸಲಾಗದು. ನಡುಹಗಲಿನ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ಹೊತ್ತು ಮೂಡಿದ ಕೂಡಲೆ ಅಥವಾ ಇಳಿಹೊತ್ತಿನಲ್ಲಿ, ಬೆಳಕು ಓರೆಯಾಗಿ ಬೀಳುವಾಗ ಕೆಳಗಿನ ಅಂತಸ್ತಿನಿಂದ ಮೊದಲುಮಾಡಿ ಮೇಲಕ್ಕೆ ನೋಡುತ್ತ ಹೋಗಬೇಕು. ಬರಹವಿದ್ದರೆ ಅದು ಹೆಚ್ಚಾಗಿ ಅಂತಸ್ತುಗಳ ನಡುವಣ ಪಟ್ಟಿಯಲ್ಲಿರುತ್ತದೆ.